ಜೋನಿಯ ಮೇಲೆ ತೇಲಿದ ಕಬ್ಬಿಣ

ಅಳುವ ಮಕ್ಕಳೆಂದರೆ ನನಗೆ ಭಯವಿಲ್ಲ. ಅಳುವ ಮಗುವಿಗೆ ಉಸಿರು ಸರಿಯಿರುತ್ತದೆ, ಸಿಟ್ಟಿರುತ್ತದೆ, ಸೂಜಿ ಹಿಡಿದು ಬಂದ ನರ್ಸನ್ನು ಒದೆಯುವಷ್ಟು ಕಸುವಿರುತ್ತದೆ. ನಾನು ಹೆದರುವುದು ಬೆಳಗಿನಿಂದ ವಾಂತಿ ಮಾಡಿ ಬಾಡಿಹೋಗಿದ್ದ ಮಗು ಮಧ್ಯಾಹ್ನ ಎದ್ದು ಕೂತು ನಗಲು ಶುರು ಮಾಡಿದಾಗ. ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ನನ್ನ ಅಂಗೈ ಬೆವರುತ್ತದೆ.

ಇದು ನಾನು ತೀರ್ಥಹಳ್ಳಿ ಕಡೆಯ ಒಂದು ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸ ಕಲಿಯುತ್ತಿದ್ದ ಕಾಲದಿಂದ ಬಂದ ಕಾಯಿಲೆ. ಇನ್ನೂ ಮೂರು ತುಂಬದ ಒಂದು ಹೆಣ್ಣುಮಗುವನ್ನು ವಾಂತಿಭೇದಿ ಎಂದು ಕರೆತಂದಿದ್ದರು. ಹಿರಿಯ ವೈದ್ಯರು ನೋಡಿ ಡ್ರಿಪ್ ಹಾಕಿಸಿದರು. ಮಗು ಚೇತರಿಸಿಕೊಂಡು ನನ್ನ ಸ್ಟೆತಾಸ್ಕೋಪು ಎಳೆದು ಆಡಿತು. ಮನೆಗೆ ಕಳಿಸಿದೆವು. ಬಾಗಿಲು ದಾಟುವಾಗ ಅಪ್ಪನ ಹೆಗಲ ಮೇಲಿಂದ ನನಗೆ ಟಾಟಾ ಮಾಡಿತು. ನನ್ನ ಎರಡೂ ಕೈಯಲ್ಲಿ ಟ್ರೇ ಇತ್ತು, ತಿರುಗಿ ಟಾಟಾ ಮಾಡಲಾಗಲಿಲ್ಲ. ಮಾರನೆಯ ದಿನ ಅದೇ ಬಾಗಿಲಿನಿಂದ ಅದನ್ನು ಎತ್ತಿಕೊಂಡು ಬಂದಾಗ ಆ ಕೈ ತಣ್ಣಗಾಗಿತ್ತು. ಬಸುರಿ ತಾಯಿಗೆಂದು ತಂದಿದ್ದ, ಹಣ್ಣಿನ ಪರಿಮಳದ ಕಬ್ಬಿಣಾಂಶದ ಟಾನಿಕ್ಕಿನ ಬಾಟಲಿ ಮಂಚದಡಿ ಖಾಲಿಯಾಗಿ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ, ಯಾರಿಗೂ ಗೊತ್ತೇ ಇರಲಿಲ್ಲ. ಬೈಯಲಿಕ್ಕೆ ಒಬ್ಬರಾದರೂ ಸಿಕ್ಕಿದ್ದರೆ ಅದು ನನ್ನನ್ನು ಇಷ್ಟು ವರ್ಷ ಕಾಡುತ್ತಿರಲಿಲ್ಲವೇನೋ.

ಹೆಚ್ಚಾದ ಕಬ್ಬಿಣ ಮೊದಲು ಹೊಟ್ಟೆಯ ಒಳಗನ್ನು ಸುಡುತ್ತದೆ. ವಾಂತಿ, ಭೇದಿ, ನೋವು. ಆಮೇಲೆ ಕೆಲವು ಗಂಟೆ ಎಲ್ಲ ಶಾಂತವಾಗುತ್ತದೆ. ಅದು ಗುಣವಾದ ಲಕ್ಷಣವಲ್ಲ. ಕಬ್ಬಿಣ ಹೊಟ್ಟೆ ಬಿಟ್ಟು ರಕ್ತಕ್ಕೆ ಇಳಿದು ಯಕೃತ್ತಿನ ದಾರಿ ಹಿಡಿದಿರುವ ಹೊತ್ತು. ಮಗು ಆಡುತ್ತಿರುತ್ತದೆ. ಈ ಪಾಠವನ್ನು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ. ಆ ಮಗು ಅದನ್ನು ಮತ್ತೆ ಮರೆಯದ ಹಾಗೆ ಕಲಿಸಿ ಹೋಯಿತು.

ಈಗ ನಾನಿರುವುದು ಹೊಸನಗರ ತಾಲ್ಲೂಕಿನ ಅಂಚಿನಲ್ಲಿ, ಸಾಗರದ ಗಡಿಗೆ ತಾಗಿದಂತಿರುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ನಾನೊಬ್ಬಳೇ ವೈದ್ಯೆ. ಅದು ಆಲೆಮನೆಯ ಕಾಲ. ಸುತ್ತಲಿನ ಊರುಗಳಲ್ಲಿ ಕಬ್ಬು ಅರೆದು, ಹಾಲು ಕಾಯಿಸಿ, ಗಟ್ಟಿಬೆಲ್ಲವಾಗುವ ಮೊದಲೇ ಇಳಿಸಿ, ಜೇನಿನಂತೆ ಸುರಿಯುವ ಜೋನಿಬೆಲ್ಲ ಮಾಡುತ್ತಾರೆ. ಆ ದಿನಗಳಲ್ಲಿ ನನ್ನ ಹೊರರೋಗಿಗಳ ಸಾಲಿನಲ್ಲಿ ಅರ್ಧಕ್ಕರ್ಧ ಕಬ್ಬಿನ ಹಾಲು ಮಿತಿಮೀರಿ ಕುಡಿದು ಹೊಟ್ಟೆ ಕೆಡಿಸಿಕೊಂಡವರು. ಹಾಗಾಗಿ ಆ ಬೆಳಿಗ್ಗೆ ಬೈಕಿನಲ್ಲಿ ಎರಡು ವರ್ಷದ ಗಂಡುಮಗುವನ್ನು ತಂದಾಗ, ಇದೂ ಆಲೆಮನೆಯ ಗಿರಾಕಿಯೇ ಅಂದುಕೊಂಡೆ.

ಬೈಕ್ ಓಡಿಸಿಕೊಂಡು ಬಂದವನು ಮಗುವಿನ ತಂದೆ. ಹಿಂದೆ ಕೂತು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದವರು ಅವನ ಅಣ್ಣನ ಹೆಂಡತಿ, ಮಗುವಿಗೆ ದೊಡ್ಡಮ್ಮ. ತಾಯಿ ಎರಡನೇ ಹೆರಿಗೆಗೆಂದು ಮೇಳಿಗೆಯ ತವರಿಗೆ ಹೋಗಿದ್ದಳು. ದೊಡ್ಡಮ್ಮನಿಗೆ ಸ್ವಂತ ಮಕ್ಕಳಿಲ್ಲ. ಮಗು ಅವರ ಕೊರಳಿಗೆ ಅಂಟಿಕೊಂಡ ರೀತಿ ನೋಡಿದರೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

"ಎಂತ ತಿಂದಿದ್ದ ಬೆಳಿಗ್ಗೆ?" ಎಂದು ಕೇಳಿದೆ.

"ಜೋನಿ ಡಾಕ್ಟ್ರೇ," ಎಂದ ತಂದೆ. "ಅತ್ತಿಗೆ ದೋಸೆ ಹೊಯ್ತಾ ಇದ್ರು. ಇಂವ ಬಾಗ್ಲ ಹಿಂದೆ ಕೂತ್ಕಂಡು ಬಾಟ್ಲಿನೇ ಎತ್ತಿ ಕುಡಿದುಬಿಟ್ಟಿದಾನೆ. ಭಾರಿ ಕಿಲಾಡಿ."

ದೊಡ್ಡಮ್ಮ ಸೆರಗಿನ ತುದಿಯಿಂದ ಮಗುವಿನ ಬಾಯಿ ಒರೆಸುತ್ತಲೇ ಇದ್ದರು. ಮಗು ನಮ್ಮೆದುರೇ ಮತ್ತೆರಡು ಬಾರಿ ಕಪ್ಪಗೆ ವಾಂತಿ ಮಾಡಿತು. ಜೋನಿಯೂ ಕಪ್ಪೇ ತಾನೇ. ತೂಕ ನೋಡಿದೆವು, ಹನ್ನೊಂದು ಕಿಲೋ. ನರ್ಸ್ ಕೈಯ ನರ ಹುಡುಕಿ ಸೂಜಿ ಹಾಕಿದಳು. ಗ್ಲೂಕೋಸ್ ನೀರು ಬೇಡ, ಸಲೈನ್ ಇರಲಿ ಎಂದೆ. ಮಗು ಊರಿಗೇ ಕೇಳುವ ಹಾಗೆ ಅತ್ತಿತು. ನಾನು ನೆಮ್ಮದಿಯಾಗಿ ಉಳಿದ ರೋಗಿಗಳನ್ನು ನೋಡಲು ಹೋದೆ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಕೋಣೆಯಿಂದ ನಗು ಕೇಳಿಸಿತು. ನಾನು ಯಾರದೋ ರಕ್ತದೊತ್ತಡ ನೋಡುತ್ತಿದ್ದೆ. ಪಾದರಸ ಎಲ್ಲಿ ನಿಂತಿತೋ ನನಗೆ ಕಾಣಲಿಲ್ಲ. ಎದ್ದು ಹೋದೆ. ಮಗು ಮಂಚದ ಮೇಲೆ ಕೂತು ಡ್ರಿಪ್ಪಿನ ನಳಿಕೆಗೆ ಬೆರಳು ಸುತ್ತಿ ಆಡುತ್ತಿತ್ತು. ನನ್ನನ್ನು ನೋಡಿ ಹಲ್ಲು ಕಿರಿಯಿತು.

"ವಾಂತಿಲಿ ಎಲ್ಲ ಹೋಯ್ತಲ ಡಾಕ್ಟ್ರೇ," ಎಂದ ತಂದೆ. "ಈಗ ಆರಾಮಿದಾನೆ. ಕರ್ಕಂಡು ಹೋಗ್ಲಾ? ಕೊಪ್ಪರಿಗೆ ಒಲೆ ಮೇಲದೆ. ನಾ ಹೋಗ್ದಿದ್ರೆ ಹದ ನೋಡೋರಿಲ್ಲ, ಪಾಕ ಎಲ್ಲ ಸೀದು ಹೋಗ್ತದೆ."

ನ್ಯಾಯವಾದ ಮಾತೇ. ಹೊಟ್ಟೆ ಮುಟ್ಟಿ ನೋಡಿದೆ, ಮೆತ್ತಗಿತ್ತು. ನಾಡಿ ಮಾತ್ರ ನನಗೆ ಬೇಕಾದುದಕ್ಕಿಂತ ಚುರುಕಾಗಿತ್ತು. ಮಕ್ಕಳ ನಾಡಿ ಚುರುಕೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ನಗುವಿನಲ್ಲಿ ಮುಂದಿನ ಎರಡು ಹಲ್ಲುಗಳ ಬುಡದಲ್ಲಿ ಕಪ್ಪು ಗೆರೆ ಕಂಡಿತ್ತು. ಒದ್ದೆ ಹತ್ತಿಯಿಂದ ಉಜ್ಜಿದೆ. ಜೋನಿಯ ಅಂಟು ಬಂತು, ಕಪ್ಪು ಬರಲಿಲ್ಲ. ಹುಳುಕಲ್ಲ. ಆ ಗೆರೆಯನ್ನು ನಾನು ಬಲ್ಲೆ. ದ್ರವರೂಪದ ಕಬ್ಬಿಣದ ಔಷಧಿಯನ್ನು ನುಂಗದೆ ಬಾಯಲ್ಲೇ ಇಟ್ಟುಕೊಳ್ಳುವ ಮಕ್ಕಳ ಹಲ್ಲಿಗೆ ಹಿಡಿಯುವ ಕರೆ ಅದು.

"ಇವನಿಗೆ ಕಬ್ಬಿಣದ ಸಿರಪ್ ಕೊಡ್ತಾ ಇದ್ದೀರಾ?"

"ಆಶಾ ಕಾರ್ಯಕರ್ತೆ ಕೊಟ್ಟು ಹೋಗಿದ್ರಲ. ರಕ್ತ ಕಮ್ಮಿ ಅಂತ," ಎಂದ ತಂದೆ. "ಅದೆಲ್ಲ ಅತ್ತಿಗೆ ನೋಡ್ಕಳದು."

ನಾನು ದೊಡ್ಡಮ್ಮನ ಕಡೆ ತಿರುಗಿದೆ. ಅವರು ಮಗುವಿನ ಕಾಲ್ಗಡಗ ಸರಿಮಾಡುತ್ತಿದ್ದರು. ಅದು ಸರಿಯಾಗಿಯೇ ಇತ್ತು.

"ಆ ಬಾಟ್ಲಿ ಎಲ್ಲಿದೆ ಅಮ್ಮ?"

ಅವರು ಮೈದುನನ ಕಡೆ ಕಣ್ಣು ಹಾಯಿಸಿದರು. ನಾನು ತಂದೆಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಆಗ, ಅಷ್ಟು ಹೊತ್ತು ಮಾತಾಡದಿದ್ದವರು ಮನೆಮಾತಿನಲ್ಲೇ ಶುರುಮಾಡಿದರು.

"ಎಂಗೆ ಗೊತ್ತಾಜಿಲ್ಲೆ ಡಾಕ್ಟ್ರೇ. ಅಂವ ಉಗೀತಾ ಇದ್ದಿದ್ದ. ಎಷ್ಟು ವಾರ ಕೊಡಲ್ಲೇ ಆಜಿಲ್ಲೆ. ಅವನ ಅಮ್ಮ ಫೋನಲ್ಲಿ ದಿನಾ ಕೇಳ್ತು, ಕೊಟ್ಟಿದ್ಯಾ ಕೊಟ್ಟಿದ್ಯಾ ಹೇಳಿ. ಹಾಲಿನ ಜೊತಿಗೆ ಕೊಡಲಾಗ ಹೇಳಿದ್ರು. ಬೆಲ್ಲ ರಕ್ತಕ್ಕೆ ಒಳ್ಳೇದಲ. ಅದ್ಕೆ ನಿನ್ನೆ ಸಂಜೆ..."

ನಿನ್ನೆ ಸಂಜೆ ಅವರು ಸಿರಪ್ಪಿನ ಬಾಟಲಿಯನ್ನು ಸಣ್ಣ ಉಪ್ಪಿನಕಾಯಿ ಬಾಟಲಿಯಲ್ಲಿದ್ದ ಜೋನಿಯ ಮೇಲೆ ಪೂರ್ತಿ ಸುರಿದಿದ್ದರು. ಬಿಟ್ಟುಹೋದ ವಾರಗಳದ್ದೆಲ್ಲ ದೋಸೆಯ ಜೊತೆ ದಿನಾ ಸ್ವಲ್ಪ ಸ್ವಲ್ಪವಾಗಿ ಹೊಟ್ಟೆಗೆ ಸೇರಲಿ ಎಂದು. ಸಿರಪ್ಪಿನ ಬಾಯಿಗೆ ಒಮ್ಮೆಗೆ ಒಂದೇ ಮಿಲಿ ಬರುವಂತೆ ಒಂದು ಬಿರಡೆ ಇರುತ್ತದೆ. ಮಕ್ಕಳ ಜೀವ ಉಳಿಸಲೆಂದೇ ಯಾರೋ ಕೂತು ಯೋಚಿಸಿ ಮಾಡಿದ್ದು. ಅದನ್ನು ಅವರು ತರಕಾರಿ ಹೆಚ್ಚುವ ಮೆಟ್ಟುಗತ್ತಿಯ ತುದಿಯಿಂದ ಎಬ್ಬಿಸಿ ತೆಗೆದಿದ್ದರು.

"ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

"ಜೋನಿ ಸುಮಾರು ಹಂಗೇ ಇದ್ದು ಡಾಕ್ಟ್ರೇ. ಮೇಲಿಂದಷ್ಟೇ ಕುಡಿದಿದ್ದ. ಹೆಚ್ಚು ಹೋಜಿಲ್ಲೆ ಹೇಳಿ ಮಾಡಿದ್ದಿ."

ಆ ಮಾತು ಕೇಳಿ ನನಗೂ ಅರೆಗಳಿಗೆ ಆಸೆ ಹುಟ್ಟಿತು. ಬಾಟಲಿಯ ಬಹುಪಾಲು ಹಾಗೇ ಇದ್ದರೆ, ಅದರಲ್ಲಿರುವ ಕಬ್ಬಿಣದ ಬಹುಪಾಲೂ ಹಾಗೇ ಇರಬೇಕು. ಮಗು ಕುಡಿದದ್ದು ಒಂದು ಪಾಲು ಮಾತ್ರ. ಆದರೆ ಆಸೆಗೆ ಲೆಕ್ಕ ಒಪ್ಪಿಸಬೇಕಲ್ಲ. ಆ ಸಿರಪ್ಪಿನ ಒಂದು ಮಿಲಿಯಲ್ಲಿ ಇಪ್ಪತ್ತು ಮಿಲಿಗ್ರಾಂ ಕಬ್ಬಿಣ. ಬಾಟಲಿಯಲ್ಲಿ ಐವತ್ತು ಮಿಲಿ. ಪೂರ್ತಿ ಹೋಗಿದ್ದರೆ ಹನ್ನೊಂದು ಕಿಲೋದ ಈ ದೇಹಕ್ಕೆ ಕಿಲೋಗೆ ತೊಂಬತ್ತರ ಹತ್ತಿರ. ಅರವತ್ತು ದಾಟಿದರೆ ಜೀವಕ್ಕೆ ಸಂಚಕಾರ. ಕಾಲುಭಾಗ ಹೋಗಿದ್ದರೆ ಇಲ್ಲೇ ಇಟ್ಟುಕೊಂಡು ನೋಡಬಹುದು. ಮಾತ್ರೆಯಾದರೆ ಎಕ್ಸ್-ರೇಯಲ್ಲಿ ಕಾಣುತ್ತದೆ, ದ್ರವ ಕಾಣುವುದಿಲ್ಲ. ರಕ್ತದಲ್ಲಿ ಕಬ್ಬಿಣ ಅಳೆಯುವ ಸೌಕರ್ಯ ನನ್ನ ಕೇಂದ್ರದಲ್ಲಿ ಎಲ್ಲಿಂದ ಬರಬೇಕು. ಇದ್ದ ಸಾಕ್ಷಿ ಒಂದೇ, ಆ ಉಪ್ಪಿನಕಾಯಿ ಬಾಟಲಿ.

ಒಳಗೆ ಕರೆದು ವಿಷಯ ತಿಳಿಸಿ ತಂದೆಯನ್ನು ಮನೆಗೆ ಅಟ್ಟಿದೆ. "ಬಾಟ್ಲಿ ಅಲ್ಲಾಡಿಸಬೇಡಿ, ಸೊಂಟಕ್ಕೆ ಸಿಗಿಸ್ಕೊಬೇಡಿ. ತುಂಬಿದ ಗಿಂಡಿ ಹಿಡಿದ ಹಾಗೆ ನೆಟ್ಟಗೆ ಹಿಡ್ಕೊಂಡು ಬನ್ನಿ," ಎಂದೆ. ಅವನು ಪಕ್ಕದ ಮನೆಯವನನ್ನು ಬೈಕಿಗೆ ಕೂರಿಸಿ, ತಾನು ಹಿಂದೆ ಕೂತು ಬಾಟಲಿ ಹಿಡಿದು ಬಂದ.

ಬಾಟಲಿ ಮುಕ್ಕಾಲು ತುಂಬಿತ್ತು. ನೋಡಿದರೆ ಯಾರಿಗಾದರೂ ಸಮಾಧಾನವಾಗಬೇಕು. ಮೇಲಿನಿಂದ ಒಂದು ಚಮಚ ತೆಗೆದು ನಾಲಿಗೆಗೆ ಇಟ್ಟೆ. ತುಕ್ಕಿನ ರುಚಿ ತೆಳ್ಳಗೆ ಬಂತು, ಬಾಯಿ ಒಗರಾಯಿತು. ಇನ್ನೊಂದು ಚಮಚವನ್ನು ಆಳಕ್ಕೆ ಇಳಿಸಿ ತೆಗೆದೆ. ಶುದ್ಧ ಜೋನಿ. ಕಬ್ಬಿನ ಪರಿಮಳ, ಕೊಪ್ಪರಿಗೆಯ ಹೊಗೆ, ಅಷ್ಟೇ. ಇನ್ನೂ ಆಳಕ್ಕೆ ಹೋದೆ. ಅಲ್ಲಿಯೂ ಅದೇ ಸಿಹಿ. ಅಷ್ಟು ಒಳ್ಳೆಯ ಜೋನಿಯನ್ನು ನಾನು ಅದಕ್ಕಿಂತ ಮೊದಲು ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ. ಈಗ ದೋಸೆಯ ಜೊತೆ ಯಾರಾದರೂ ಬಡಿಸಿದರೆ ಎಲೆಯ ಅಂಚಿಗೆ ಸರಿಸುತ್ತೇನೆ.

ಜೋನಿ ಭಾರ, ಸಿರಪ್ ಹಗುರ. ಮಗು ಸುತ್ತ ಸುಳಿಯುತ್ತಿದ್ದುದರಿಂದ ದೊಡ್ಡಮ್ಮ ಅವಸರದಲ್ಲಿ ಮೇಲೆ ಮೇಲೆ ಕಲಕಿ ಮುಚ್ಚಿಟ್ಟಿದ್ದರು. ರಾತ್ರಿಯಿಡೀ ಔಷಧಿ ಜೋನಿಯ ಮೇಲೆ ಕೆನೆಯ ಹಾಗೆ ನಿಂತಿತ್ತು. ಮಗು ಬಾಟಲಿ ಬಗ್ಗಿಸಿದಾಗ ದಪ್ಪದ್ದು ಒಳಗೇ ಉಳಿಯಿತು, ತೆಳುವಾದದ್ದು ಸರಾಗ ಬಾಯಿಗೆ ಹರಿಯಿತು. ಉಳಿದದ್ದೆಲ್ಲ ಬೆಲ್ಲ. ಕಬ್ಬಿಣ ಹೆಚ್ಚುಕಡಿಮೆ ಪೂರ್ತಿ ಮಗುವಿನೊಳಗಿತ್ತು, ಮತ್ತು ಮಗು ನಗುತ್ತಿತ್ತು.

ಸಾಗರದ ಮಕ್ಕಳ ತಜ್ಞರಿಗೆ ಫೋನ್ ಮಾಡಿದೆ. ಅವರು ನನ್ನ ಮಾತು ಮುಗಿಯುವ ಮೊದಲೇ, "ಇಲ್ಲಿಗೆ ತಂದು ಹೊತ್ತು ಕಳೀಬೇಡಿ, ನೇರ ಶಿವಮೊಗ್ಗಕ್ಕೆ ಹೊರಡಿ," ಎಂದರು. ಕಬ್ಬಿಣವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ ಒಂದಿದೆ. ಆಗಾಗ ರಕ್ತ ಹಾಕಿಸಿಕೊಂಡು ಬದುಕುವ ಮಕ್ಕಳಿಗೆ ಬಳಸುವಂಥದ್ದು, ಎಲ್ಲ ಕಡೆ ಸಿಗುವುದಿಲ್ಲ. ಶಿವಮೊಗ್ಗದ ವಾರ್ಡಿಗೆ ಅವರೇ ಹೇಳಿ, ನಾವು ತಲುಪುವ ಮೊದಲೇ ಅದನ್ನು ತೆಗೆದಿರಿಸಲು ಒಪ್ಪಿಸಿದರು. ಆ್ಯಂಬುಲೆನ್ಸ್ ಬಂದು ನಿಂತಿತು.

ತಂದೆ ಮಾತ್ರ ಅಲುಗಾಡಲಿಲ್ಲ.

"ಆಡ್ತಾ ಇದಾನಲ ಡಾಕ್ಟ್ರೇ. ಇಷ್ಟು ಆರಾಮಿರೋ ಮಗುನ ಅಷ್ಟು ದೂರ ಹೊತ್ಕಂಡು ಹೋಗದಾ? ಸಂಜೆವರೆಗೆ ನೋಡೋಣ. ಏನಾರೂ ಆದ್ರೆ ಆಗ ಹೋಗೋಣ."

ಏನಾದರೂ ಆದ ಮೇಲೆ ಹೋಗಲು ಜಾಗವಿರುವುದಿಲ್ಲ ಎಂದು ವಿವರಿಸಿದೆ. ಯಕೃತ್ತು, ರಕ್ತ, ಹಂತ ಎಂದೆಲ್ಲ ಹೇಳಿದೆ. ನನ್ನ ಮಾತು ನನಗೇ ಪಾಠದಂತೆ ಕೇಳಿತು. ಅವನ ಕಣ್ಣು ಆಡುವ ಮಗುವಿನ ಮೇಲೇ ಇತ್ತು. ಕಣ್ಣಿಗೆ ಕಾಣುವುದನ್ನು ಬಿಟ್ಟು ನನ್ನ ಮಾತು ನಂಬು ಅಂದರೆ ಯಾವ ಅಪ್ಪ ನಂಬುತ್ತಾನೆ. ಆಗ ನಾನು ಯಾರಿಗೂ ಹೇಳದಿದ್ದುದನ್ನು, ನನ್ನ ಗಂಡನಿಗೂ ಪೂರ್ತಿ ಹೇಳಿರದಿದ್ದುದನ್ನು ಅವನಿಗೆ ಹೇಳಿದೆ. ತೀರ್ಥಹಳ್ಳಿಯ ಆ ಮಗು ಸ್ಟೆತಾಸ್ಕೋಪು ಎಳೆದದ್ದು, ಅಪ್ಪನ ಹೆಗಲು, ಟಾಟಾ, ಮಾರನೆಯ ದಿನದ ಕೈ.

ಅವನು ಕೇಳಿಸಿಕೊಂಡನೋ ಇಲ್ಲವೋ, ದೊಡ್ಡಮ್ಮ ಕೇಳಿಸಿಕೊಂಡರು. ಎದ್ದರು. ಸಲೈನ್ ಬಾಟಲಿಯನ್ನು ನರ್ಸ್ ಕೈಗೆ ಕೊಟ್ಟು, ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡು ಆ್ಯಂಬುಲೆನ್ಸ್ ಹತ್ತಿ ಕೂತರು.

"ನೀ ಬಪ್ಪದಾದ್ರೆ ಬಾ," ಎಂದರು ಮೈದುನನಿಗೆ. "ಕೊಪ್ಪರಿಗೆ ಸೀದ್ರೆ ಸೀಲಿ. ನಾ ಹೋಗ್ತಿ."

ಅವನು ಹತ್ತಿದ. ನಾನೂ ಹತ್ತಿದೆ. ಹೊರಗೆ ಕೂತಿದ್ದ ರೋಗಿಗಳು ನಾಳೆ ಬರಲಿ ಎಂದು ನರ್ಸಿಗೆ ಹೇಳಿದೆ.

ರಿಪ್ಪನ್‌ಪೇಟೆ ದಾಟುವವರೆಗೆ ಮಗು ಕಿಟಕಿಯಿಂದ ಲಾರಿಗಳನ್ನು ಎಣಿಸುವವನ ಹಾಗೆ ಬೆರಳು ತೋರಿಸುತ್ತಿತ್ತು. ತಂದೆ ನನ್ನ ಕಡೆ ನೋಡುತ್ತಿದ್ದ. ಆ ನೋಟದ ಅರ್ಥ ನನಗೆ ಗೊತ್ತಿತ್ತು. ನನಗೇ ಅನುಮಾನ ಬಂತು. ಸತ್ತುಹೋದ ಒಂದು ಮಗುವಿನ ಮಾತು ಕೇಳಿಕೊಂಡು ಬದುಕಿರುವವರನ್ನು ಓಡಾಡಿಸುತ್ತಿದ್ದೇನೆಯೇ? ನನ್ನ ನಾಲಿಗೆಯೇ ತಪ್ಪಿರಬಹುದಲ್ಲ? ಬಾಯಲ್ಲಿ ಇನ್ನೂ ಇದ್ದ ಜೋನಿಯ ಸಿಹಿಯನ್ನು ಮತ್ತೆ ಮತ್ತೆ ಪರೀಕ್ಷಿಸಿದೆ.

ಆಯನೂರಿನ ಹತ್ತಿರ ಮಗು ಬೆರಳು ತೋರಿಸುವುದನ್ನು ನಿಲ್ಲಿಸಿತು. ತಲೆ ದೊಡ್ಡಮ್ಮನ ಎದೆಗೆ ವಾಲಿತು.

"ನಿದ್ದೆ ಬಂತು ಕಾಣ್ತು," ಎಂದರು ಅವರು.

ನಾನು ಕೈ ಹಿಡಿದು ನೋಡಿದೆ. ತಣ್ಣಗಿತ್ತು. ಉಗುರು ಒತ್ತಿ ಬಿಟ್ಟರೆ ಕೆಂಪು ನಿಧಾನವಾಗಿ ಮರಳುತ್ತಿತ್ತು. ಆ ಚಳಿಯನ್ನು ನನ್ನ ಕೈ ಗುರುತು ಹಿಡಿಯಿತು.

"ನಿದ್ದೆ ಅಲ್ಲ ಅಮ್ಮ. ಮಾತಾಡಿಸ್ತಾ ಇರಿ. ಬಿಡಬೇಡಿ."

ಸಲೈನ್ ಬಾಟಲಿಯನ್ನು ತಂದೆಯ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಹಿಂಡಲು ಹೇಳಿದೆ. ಅವನು ಹಿಂಡಿದ. ದೊಡ್ಡಮ್ಮ ಮಾತಾಡಿದರು. ದೋಸೆ ಹೊಯ್ದು ಕೊಡ್ತಿ, ಕರು ಬಂಜು ನೋಡು, ಅಮ್ಮ ಬತ್ತು, ಪಾಪು ತತ್ತು. ಒಂದೇ ಸಮನೆ, ಉಸಿರು ಕಟ್ಟುವ ಹಾಗೆ ಮಾತಾಡಿದರು. ಶಿವಮೊಗ್ಗದ ವಾರ್ಡಿನ ಬಾಗಿಲು ಬರುವವರೆಗೂ ಅವರು ನಿಲ್ಲಿಸಲಿಲ್ಲ. ಮಗುವನ್ನು ಅವರ ಕೈಯಿಂದ ತೆಗೆದುಕೊಂಡ ಮೇಲೂ ಖಾಲಿ ಸೆರಗಿಗೆ ಏನೋ ಹೇಳುತ್ತಿದ್ದರು.

ಔಷಧಿ ತಯಾರಿತ್ತು. ಸಣ್ಣಗೆ ಹನಿಯಂತೆ ಬಿಟ್ಟರು, ಜೋರಾಗಿ ಬಿಟ್ಟರೆ ರಕ್ತದೊತ್ತಡ ಕುಸಿಯುತ್ತದೆ. ಮೂಗಿನಿಂದ ನಳಿಕೆ ಇಳಿಸಿ ಕರುಳು ತೊಳೆದರು. ಸಂಜೆಯ ಹೊತ್ತಿಗೆ ಮೂತ್ರದ ಚೀಲ ಕೆಂಪುಮಣ್ಣಿನ ನೀರಿನ ಬಣ್ಣಕ್ಕೆ ತಿರುಗಿತು. ಕಬ್ಬಿಣ ಹೊರಗೆ ಬರುತ್ತಿರುವ ಗುರುತು ಅದು. ತಂದೆ ಅದನ್ನು ಬಗ್ಗಿ ಬಗ್ಗಿ ನೋಡಿದ. ಮುಂದಿನ ಕೆಲವು ದಿನ ಯಕೃತ್ತಿನ ಪರೀಕ್ಷೆಯ ಫಲಿತಾಂಶ ಏರಿತು, ನಿಂತಿತು, ಇಳಿಯಿತು. ನಾನು ನನ್ನ ಕೇಂದ್ರದಲ್ಲಿ ಕೂತು ಫೋನು ನೋಡುತ್ತಿದ್ದೆ. ಮಗು ಉಳಿಯಿತು.

ಮೇಳಿಗೆಯಿಂದ ತಾಯಿ ತುಂಬಿದ ಹೊಟ್ಟೆ ಹೊತ್ತು ಶಿವಮೊಗ್ಗಕ್ಕೆ ಬಂದಿದ್ದಳಂತೆ. ದೊಡ್ಡಮ್ಮನಿಗೆ ಒಂದು ಮಾತೂ ಅನ್ನಲಿಲ್ಲವಂತೆ. ಅದನ್ನು ಕೇಳಿ ನನಗೆ ಸಂಕಟವಾಯಿತು. ಒಂದು ಮಾತು ಬೈದಿದ್ದರೆ ಅತ್ತು ಹಗುರವಾಗುತ್ತಿದ್ದರು.

ಒಂದೆರಡು ತಿಂಗಳಾದ ಮೇಲೆ ತಂದೆ ಮಗುವನ್ನು ನನ್ನಲ್ಲಿಗೆ ಕರೆತಂದ. ದೊಡ್ಡಮ್ಮ ಹಿಂದೆ, ಬಾಗಿಲ ಹತ್ತಿರವೇ ನಿಂತರು. ಯಕೃತ್ತು ಸರಿಯಾಗಿತ್ತು, ಆದರೆ ರಕ್ತ ಇನ್ನೂ ಕಡಿಮೆ. ಮಕ್ಕಳ ತಜ್ಞರು ಕಬ್ಬಿಣ ಮತ್ತೆ ಶುರುಮಾಡಲು ಅಳತೆ ಬರೆದು ಕೊಟ್ಟಿದ್ದರು.

"ಅತ್ತಿಗೆ ಈಗ ಇವಂಗೆ ಊಟನೂ ಮಾಡಿಸಲ್ಲ ಡಾಕ್ಟ್ರೇ," ಎಂದು ತಂದೆ ತಗ್ಗಿದ ದನಿಯಲ್ಲಿ ಹೇಳಿದ. "ನೀರು ಸೈತ ಬೇರೆಯೋರ ಕೈಲಿ ಕೊಡಿಸ್ತಾರೆ. ಇಂವ ಅವರ ಹಿಂದೆ ಹಿಂದೆ ತಿರುಗಿ ಅಳ್ತಾನೆ."

ನಾನು ಸೂಜಿಯಿಲ್ಲದ ಸಿರಿಂಜಿನಲ್ಲಿ ಸಿರಪ್ ಎಳೆದು ದೊಡ್ಡಮ್ಮನ ಕಡೆ ಚಾಚಿದೆ. ಅವರು ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ನಾ ಬ್ಯಾಡ ಡಾಕ್ಟ್ರೇ. ಎನ್ನ ಕೈ ಬ್ಯಾಡ."

"ಬೇರೆ ಯಾರ ಕೈಲಿ ಕೊಟ್ರೂ ಉಗೀತಾನೆ. ಬನ್ನಿ."

ನನಗೆ ಸಿಡುಕು ಬೇಗ ಬರುತ್ತದೆ. ಆ ದಿನ ಅದು ಉಪಯೋಗಕ್ಕೆ ಬಂತು. ಬಂದರು. ಗೆರೆ ತೋರಿಸಿದೆ, ಒಂದೂವರೆ ಮಿಲಿ, ಅದರ ಮೇಲೆ ಒಂದು ಹನಿಯೂ ಇಲ್ಲ. ಚಮಚದಲ್ಲಿ ಅಂದಾಜು ಮಾಡುವಂತಿಲ್ಲ. ಕೆನ್ನೆಯ ಒಳಗೆ, ಹಿಂದಕ್ಕೆ ಬಿಡಬೇಕು, ಹಲ್ಲಿಗೆ ತಾಗಬಾರದು. ಮೇಲೆ ಎರಡು ಗುಟುಕು ನಿಂಬೆಹಣ್ಣಿನ ಪಾನಕ. ಹಾಲು, ಚಾ, ಕಷಾಯ ಆ ಹೊತ್ತಿನಲ್ಲಿ ಹತ್ತಿರ ಬರಬಾರದು. ಮಲ ಕಪ್ಪಗಾದರೆ ಹೆದರಬೇಡಿ, ವಾಂತಿಯಾದರೆ ಸುಮ್ಮನಿರಬೇಡಿ. ಬಿರಡೆ ಎಬ್ಬಿಸುವಂತಿಲ್ಲ, ಬೇರೆ ಬಾಟಲಿಗೆ ಸುರಿಯುವಂತಿಲ್ಲ. ಕಪಾಟಿನ ಬೀಗದೊಳಗೆ ಇಡಬೇಕು.

"ಒಂದಿನ ಬಿಟ್ಟುಹೋದ್ರೆ?" ಎಂದು ಕೇಳಿದರು. ಅದೇ ಪ್ರಶ್ನೆ ಅವರನ್ನು ಇಲ್ಲಿಯವರೆಗೆ ತಂದಿತ್ತು.

"ಬಿಟ್ಟುಹೋದ್ದು ಹೋಯ್ತು ಅಮ್ಮ. ಅದನ್ನ ತುಂಬಿಸಿ ಕೊಡೋಕೆ ಹೋಗಬಾರದು. ನಾಳೆ ನಾಳೇದು ಮಾತ್ರ."

ಅವರು ಸಿರಿಂಜನ್ನು ಗೆರೆ ಸರಿಯಿದೆಯೇ ಎಂದು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದರು. ಮಗು ಮಾತ್ರ ಅವರು ಬಗ್ಗಿದ್ದೇ ತಡ, ಹಕ್ಕಿಮರಿಯ ಹಾಗೆ ಬಾಯಿ ತೆರೆಯಿತು. ಉಗುಳಲಿಲ್ಲ. ಹೊರಡುವಾಗ ದೊಡ್ಡಮ್ಮನ ಸೊಂಟದ ಮೇಲಿಂದ ನನ್ನ ಕಡೆ ತಿರುಗಿ ಟಾಟಾ ಮಾಡಿತು, ನಗುತ್ತಾ. ನಾನು ಕೈಯಲ್ಲಿದ್ದುದನ್ನೆಲ್ಲ ಮೇಜಿನ ಮೇಲಿಟ್ಟು ಎರಡೂ ಕೈ ಎತ್ತಿ ಟಾಟಾ ಮಾಡಿದೆ. ಬೈಕು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಕೈ ಇಳಿಸಲಿಲ್ಲ. ಕೇಂದ್ರದಲ್ಲಿದ್ದವರು ಡಾಕ್ಟ್ರಿಗೆ ಏನಾಯಿತು ಎಂದುಕೊಂಡಿರಬೇಕು.

ಒಂದೂವರೆ ಮಿಲಿಯಿಂದ ಏನೂ ಆಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಮಾರನೆಯ ದಿನ ಬೆಳಕು ಹರಿಯುತ್ತಲೇ ಅವರ ಮನೆಗೆ ಫೋನ್ ಮಾಡಿದೆ. ದೊಡ್ಡಮ್ಮನೇ ಎತ್ತಿದರು. ಹಿಂದೆ ಮಗು ಸೂರು ಹಾರಿಹೋಗುವಂತೆ ಅಳುತ್ತಿತ್ತು.

"ಎಂತಕ್ಕೆ ಅಳ್ತಾ ಇದಾನೆ?"

"ದೋಸೆಗೆ ಜೋನಿ ಬೇಕಡ. ಎನ್ನ ಕೈಯಿಂದಲೇ ಬೇಕಡ. ಕೊಡ್ಲಾ ಡಾಕ್ಟ್ರೇ?"

"ಕೊಡಿ," ಎಂದೆ. "ಆದ್ರೆ ಸ್ವಲ್ಪ ಹೊತ್ತು ಬಿಟ್ಟು ಕೊಡಿ. ಅಳಲಿ. ಫೋನ್ ಇಡಬೇಡಿ."